ಬರಗಾಲವೂ ಕೆರೆಯ ಕಾಯಕವೂ



ಬರಗಾಲವು ಕನ್ನಡ ನಾಡಿಗೆ ಹೊಸತಲ್ಲ. 1876–78ರ ಧಾತು–ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸೀಮೆಯ ಜನರಲ್ಲಿ ಸುಮಾರು ಐದನೆಯ ಒಂದು ಪಾಲು ಅಳಿಯಿತು. 2023ರಲ್ಲಿಯೂ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅನ್ನವನ್ನು ದೂರದಿಂದ ತರುವ ಸಾಧನಗಳು ಇಂದು ಉಂಟು; ಆದುದರಿಂದ ಹಿಂದಿನಂತೆ ಪ್ರಾಣಹಾನಿಯಿಲ್ಲ. ಆದರೆ ನೀರನ್ನು ಹಾಗೆ ತರುವುದು ಸಾಧ್ಯವೆ?

ಈ ನಾಡಿನಲ್ಲಿ ಮಳೆಯೇ ಇಲ್ಲವೆನ್ನುವುದು ಸರಿಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆ, ಸಹ್ಯಾದ್ರಿಯ ಮರೆಗೆ ಬಿದ್ದ ಚಳ್ಳಕೆರೆಯಲ್ಲಿ 500ರ ಆಸುಪಾಸಿಗಿಳಿಯುತ್ತದೆ. ಆ ಅಲ್ಪವೂ ಕೆಲವೇ ದಿನಗಳಲ್ಲಿ ಬಿದ್ದು ಹರಿದುಹೋಗುವುದು. ಹರಿವ ನೀರನ್ನು ನಿಲ್ಲಿಸಬಲ್ಲವನಿಗೆ ಮಾತ್ರ ಮಳೆಯು ಸಂಪತ್ತು.

ಹಿರಿಯರು ಇದನ್ನರಿತಿದ್ದರು. ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಸೇರುವಂತೆ ಸರಪಳಿಯಾಗಿ ಕೆರೆಗಳನ್ನು ಕಟ್ಟಿದರು. ಏರಿಯ ರಕ್ಷಣೆಗೆ ಭೂಮಿಯನ್ನು ಕೊಡಗೆಯಾಗಿ ಬಿಟ್ಟರು. ತೂಬನ್ನು ತೆರೆದು ಗದ್ದೆಗದ್ದೆಗೆ ನೀರು ಹಂಚಲು ನೀರುಗಂಟಿಯಿದ್ದನು. ಬೇಸಗೆಯಲ್ಲಿ ತೆಗೆದ ಹೂಳು ಹೊಲಕ್ಕೆ ಗೊಬ್ಬರವಾಯಿತು. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸುವುದನ್ನೇ ಕಾಯಕವಾಗಿ ಕೈಗೊಂಡರೆಂಬುದು ಶರಣಪರಂಪರೆಯ ಹೆಮ್ಮೆಯಲ್ಲವೆ?

ಕಾಲಕ್ರಮದಲ್ಲಿ ಕೆರೆಯ ಹೊಣೆಯು ಊರಿನ ಕೈಯಿಂದ ಸರಕಾರದ ಕೈಗೆ ಹೋಯಿತು. ಊರವರು ನೋಡುವವರಾದರು. ಅಂಗಳದಲ್ಲಿ ಜಾಲಿ ಬೆಳೆಯಿತು. ನೀರು ಬರುವ ಕಾಲುವೆಗಳು ಒತ್ತುವರಿಯಾದವು. ಕೆರೆಯು ಬತ್ತಿದಲ್ಲಿ ಬಾವಿಯು ಬತ್ತಿತು. ಬಾವಿಯು ಬತ್ತಿದಲ್ಲಿ ಕೊಳವೆಬಾವಿಯನ್ನು ಸಾಲ ಮಾಡಿ ಕೊರೆಯಿಸಿದರು. ಮೇಲಿನಿಂದ ಇಂಗಿಸದೆ ಕೆಳಗಿನಿಂದ ಎತ್ತುತ್ತಲೇ ಇರುವುದೆಂದರೆ ಮೂಲಧನವನ್ನೇ ಕರಗಿಸಿ ಉಣ್ಣುವುದು.

ದೊಡ್ಡ ಜಲಾಶಯಗಳಿರುವಾಗ ಸಣ್ಣ ಕೆರೆಗಳೇಕೆಂದು ಕೆಲವರು ಕೇಳುವರು. 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯವು ಮೊದಲು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದಿತು; ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿಯಿತು. ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ! ದೊಡ್ಡ ಕಟ್ಟೆಗೂ ಹೂಳು ತಪ್ಪದು, ಮಳೆಯ ಹಂಗು ತಪ್ಪದು. ಕಾಲುವೆಯು ತಲಪದ ಊರಿಗೆ ತನ್ನ ಕೆರೆಯೇ ಗತಿ.

ಬರಪರಿಹಾರವು ಬರ ಬಂದ ಮೇಲೆ ಹಂಚುವ ಹಣದಲ್ಲಿ ಮುಗಿಯತಕ್ಕದ್ದಲ್ಲ. ಮುಂಗಾರಿಗೆ ಮುನ್ನ ಎತ್ತುವ ಹೂಳಿನಲ್ಲಿ ಅದು ಆರಂಭವಾಗಬೇಕು. ಪ್ರತಿಯೊಂದು ಊರೂ ತನ್ನ ಕೆರೆಯ ಕಾಲುವೆಯನ್ನು ಬಿಡಿಸಿ, ಏರಿಯನ್ನು ಬಲಪಡಿಸಿ, ನೀರಿನ ಲೆಕ್ಕವನ್ನು ಎಲ್ಲರೆದುರು ಇಡುವುದಾದರೆ, ಮಳೆ ಕಡಮೆಯಾದ ವರ್ಷದಲ್ಲಿಯೂ ದನಕರುಗಳಿಗೆ ಗುಟುಕು ನೀರು ಉಳಿದೀತು. ಕೆರೆಯನ್ನು ಕಟ್ಟಿದವರು ಪುಣ್ಯವಂತರು. ಕಟ್ಟಿದುದನ್ನು ಕಾಯುವವರು ಅವರಿಗೆ ಕಡಮೆಯವರಲ್ಲ.