ಎಳೆಯ ಕೋಳಿಮರಿಯೂ ನೀರೂ

ಗಂಗಾನಗರದ ನಿವಾಸಿಗಳಾದ ನಮಗೆ ಕೋಳಿಸಾಕಣೆಯ ವಿದ್ಯೆ ದೂರದ ಸಂಗತಿಯೇನಲ್ಲ. ಬಳ್ಳಾರಿ ರಸ್ತೆಯಲ್ಲಿ ತುಸು ಉತ್ತರಕ್ಕೆ ನಡೆದರೆ ಹೆಬ್ಬಾಳದ ಪಶುವೈದ್ಯ ಕಾಲೇಜು, 1958ರಲ್ಲಿ ಆರಂಭವಾದುದು. ಹಿತ್ತಲಿನಲ್ಲಿ ಮೇದು ಬೆಳೆಯಬಲ್ಲ ಗಿರಿರಾಜ ಕೋಳಿ 1980ರ ದಶಕದ ಕೊನೆಯಲ್ಲಿ ರೂಪುಗೊಂಡದ್ದು ಅಲ್ಲಿಯೇ. ಆದರೂ ಬುಟ್ಟಿಯಲ್ಲಿಟ್ಟು ಮಾರುವ, ಗುಲಾಬಿ, ಹಸುರು ಬಣ್ಣ ಹಾಕಿದ ಮರಿಗಳನ್ನು ಮಕ್ಕಳ ಹಟಕ್ಕೆ ಸೋತು ಕೊಂಡ ಎಷ್ಟೋ ಮಂದಿ ಮೊದಲು ಮಾಡುವ ಕೆಲಸವೆಂದರೆ ಅವನ್ನು ನಲ್ಲಿಯ ಕೆಳಗೆ ಹಿಡಿಯುವುದು. ಬಣ್ಣ ಹೋಗಲಿ, ಕೊಳೆ ಕಳೆಯಲಿ ಎಂಬ ಉದ್ದೇಶವೇನೋ ಒಳ್ಳೆಯದೇ. ಸಂಜೆಯ ಹೊತ್ತಿಗೆ ಮರಿ ಕಣ್ಣು ಮುಚ್ಚಿ, ತಲೆ ವಾಲಿಸಿ ಕೂತಿರುತ್ತದೆ, ಬೆಳಗಾಗುವುದರೊಳಗೆ ಸತ್ತಿರುತ್ತದೆ. ಏನೋ ರೋಗವಿತ್ತೆಂದು ಮನೆಯವರು ಸಮಾಧಾನ ಪಟ್ಟುಕೊಳ್ಳುತ್ತಾರೆ.

ಎಳೆಯ ಮರಿಗೆ ಇನ್ನೂ ಗರಿ ಬಂದಿರುವುದಿಲ್ಲ. ಮೈತುಂಬ ಇರುವುದು ತುಪ್ಪುಳ. ಅದರ ಎಳೆಗಳ ನಡುವೆ ನಿಂತ ಗಾಳಿಯೇ ಮರಿಗೆ ಕಂಬಳಿ. ತುಪ್ಪುಳ ನೆನೆದು ಮೈಗಂಟಿದರೆ ಆ ಗಾಳಿ ಹೊರಟುಹೋಗುತ್ತದೆ. ನೀರು ಆರುವಾಗ ಮೈಯ ಕಾವನ್ನೂ ಕೊಂಡೊಯ್ಯುತ್ತದೆ. ಬೆಳೆದ ಕೋಳಿ ಸುಮಾರು 41 ಡಿಗ್ರಿ ಸೆಲ್ಸಿಯಸ್ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಬಲ್ಲದು. ಮರಿಗೆ ಮೊದಲ ಒಂದೆರಡು ವಾರ ಆ ಶಕ್ತಿ ಬಲಿತಿರುವುದಿಲ್ಲ. 21 ದಿನಗಳ ಕಾವು ಮುಗಿದು ಮೊಟ್ಟೆಯೊಡೆದು ಬಂದ ಮರಿಯೂ ಒದ್ದೆಯಾಗಿಯೇ ಇರುತ್ತದಲ್ಲವೆ? ಹೇಂಟೆ ಅದನ್ನು ಮೈಯಡಿಗೆ ಸೇರಿಸಿಕೊಂಡು ಸುಮ್ಮನೆ ಕೂರುತ್ತದೆ. ಯಂತ್ರದಲ್ಲಿ ಮರಿ ಮಾಡಿಸುವವರೂ ತುಪ್ಪುಳ ಆರಿ ಉಬ್ಬುವವರೆಗೆ ಅದನ್ನು ಒಳಗೇ ಬಿಡುತ್ತಾರೆ. ಹೊಟ್ಟೆಯೊಳಗೆ ಸೇರಿದ ಮೊಟ್ಟೆಯ ಹಳದಿಯೇ ಎರಡು ದಿನಕ್ಕೆ ಸಾಕಾಗುವ ಬುತ್ತಿಯಾದ್ದರಿಂದ ಅವಸರವಿಲ್ಲ.

ಹಾಗಾದರೆ ಮರಿಗೆ ನೀರು ಸೋಕಿಸಲೇಬಾರದೆ? ಸೋಕಿಸಲೇಬೇಕಾದ ಸಂದರ್ಭ ಒಂದುಂಟು. ಪ್ರಯಾಣದ ದಣಿವಿನಿಂದಲೋ, ಚಳಿಯಿಂದಲೋ, ಅತಿಯಾದ ಕಾವಿನಿಂದಲೋ ಮರಿಯ ಹಿಕ್ಕೆ ಅಂಟಂಟಾಗಿ ಗುದದ್ವಾರಕ್ಕೆ ಮೆತ್ತಿಕೊಂಡು, ಒಣಗಿ, ಬಿರಡೆಯಂತೆ ಮುಚ್ಚಿಬಿಡುತ್ತದೆ. ಹಾಗೇ ಬಿಟ್ಟರೆ ಮರಿ ಉಳಿಯದು. ಒಣಗಿದ್ದನ್ನು ಕಿತ್ತರೆ ಎಳೆಯ ಚರ್ಮವೂ ಕಿತ್ತುಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಅಲ್ಲಿಗೆ ಒತ್ತಿ ಹಿಡಿದು, ಅದು ನೆನೆದು ಮೆದುವಾಗುವ ತನಕ ಕಾದು, ಬಳಿಕ ಮೆಲ್ಲನೆ ಒರೆಸಿ ತೆಗೆಯಬೇಕು. ಸೋಪು ಬೇಡ. ಬೆನ್ನು, ತಲೆ ನೆನೆಯಬಾರದು. ಹೊಟ್ಟೆಯ ಮೇಲಿನ ಹೊಕ್ಕುಳಿನ ಹಕ್ಕಳೆಯನ್ನು ಕೊಳೆಯೆಂದು ಭ್ರಮಿಸಿ ಎಳೆಯುವವರಿದ್ದಾರೆ, ಅದನ್ನು ಮುಟ್ಟಲೇಬಾರದು.

ನನ್ನ ಮಟ್ಟಿಗೆ ಹೇಳುವುದಾದರೆ ಒರೆಸುವುದಕ್ಕಿಂತ ಆರಿಸುವುದೇ ದೊಡ್ಡ ಕೆಲಸ. ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ಒತ್ತಿ ಒತ್ತಿ ನೀರು ಹೀರಿಸಿ, ಮರಿಯನ್ನು ಗಾಳಿ ಬೀಸದ ಕಡೆ, ಭತ್ತದ ಹೊಟ್ಟು ಹರಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಿಡಬೇಕು. ಪೆಟ್ಟಿಗೆಯ ಒಂದು ಮೂಲೆಯ ಮೇಲೆ, ಹೊಟ್ಟಿಗೂ ರಟ್ಟಿಗೂ ತಾಗದಂತೆ, 60 ವ್ಯಾಟಿನ ಬಲ್ಬನ್ನು ಭದ್ರವಾಗಿ ತೂಗಿಬಿಡಬೇಕು. ತಂತಿ ಕಾಯುವ ಹಳೆಯ ಬಗೆಯ ಬಲ್ಬನ್ನೇ ಹುಡುಕಿ ತನ್ನಿ. ಈಗಿನ ಎಲ್‌ಇಡಿ ದೀಪದ ಬೆಳಕಿನಲ್ಲಿ ಮರಿಯನ್ನು ಬೆಚ್ಚಗಿಡುವಷ್ಟು ಕಾವಿಲ್ಲ. ಮೊದಲ ವಾರ ದೀಪದಡಿ ಸುಮಾರು 35 ಡಿಗ್ರಿ ಇರಲಿ. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಉಷ್ಣಮಾಪಕ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ: ದೀಪದಡಿ ಒಂದರ ಮೇಲೊಂದು ಮುಗಿಬಿದ್ದು ಚೀರಿದರೆ ಚಳಿ, ರೆಕ್ಕೆ ಬಿಚ್ಚಿ ಬಾಯಿ ತೆರೆದು ದೂರ ಸರಿದರೆ ಸೆಕೆ. ಕೂದಲು ಒಣಗಿಸುವ ಯಂತ್ರವನ್ನು ಬಳಸುವವರುಂಟು. ನನಗದು ಅಷ್ಟಾಗಿ ಒಪ್ಪಿಗೆಯಿಲ್ಲ. ಬಳಸಿದರೂ ದೂರದಿಂದ, ಕಡಮೆ ಬಿಸಿಯಲ್ಲಿ, ನಡುವೆ ನಮ್ಮದೇ ಅಂಗೈಯಿಟ್ಟು ನೋಡುತ್ತ ಬಳಸಬೇಕು. ಕುಡಿಯುವ ನೀರಿನ ತಟ್ಟೆಗೆ ನಾಲ್ಕಾರು ಬೆಣಚುಕಲ್ಲು ಹಾಕಿಟ್ಟರೆ ಮರಿ ಅದರಲ್ಲಿ ಬಿದ್ದು ಮತ್ತೆ ನೆನೆಯುವುದು ತಪ್ಪುತ್ತದೆ.

ಹಲವು ಮರಿಗಳಿಗೆ ಒಟ್ಟಿಗೇ ಬಿಳಿ ಭೇದಿಯಾದರೆ ಹತ್ತಿಯಿಂದಾಗುವ ಕೆಲಸವಲ್ಲ, ಪಶುವೈದ್ಯರಿಗೆ ತೋರಿಸಬೇಕು. ಮರಿ ಮುಟ್ಟಿದ ಮಕ್ಕಳ ಕೈಗಳನ್ನು ಮಾತ್ರ ಧಾರಾಳವಾಗಿ ಸೋಪು ಹಾಕಿ ತೊಳೆಯಿಸಿ. ಇನ್ನು ಆ ಗುಲಾಬಿ, ಹಸುರು ಬಣ್ಣಗಳ ಚಿಂತೆ ಬೇಡ. ಅವು ಹತ್ತಿರುವುದು ತುಪ್ಪುಳಕ್ಕೆ. ಕೆಲವು ವಾರಗಳಲ್ಲಿ ತುಪ್ಪುಳ ಉದುರಿ ನಿಜವಾದ ಗರಿ ಮೂಡುವಾಗ ಬಣ್ಣವೂ ಅದರೊಡನೆ ಹೋಗುತ್ತದೆ.