ಮಚ್ಚೆ ಕಾಣದ ಕುಷ್ಠರೋಗ

(ಜೆಪ್ಪುವಿನಲ್ಲಿ ಗ್ರಾಮ ಪಂಚಾಯತ್ ಸದಸ್ಯರು ಹಾಗೂ ಆಶಾ ಕಾರ್ಯಕರ್ತೆಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಜೆಪ್ಪುವಿಗೆ ಸಮೀಪದ ಕಂಕನಾಡಿಯಲ್ಲಿ 1880ರಲ್ಲಿ ಔಷಧಾಲಯ ಆರಂಭಿಸಿದ ಫಾದರ್ ಅಗಸ್ಟಸ್ ಮುಲ್ಲರ್ ಅವರು 1890ರಲ್ಲಿ ಕುಷ್ಠರೋಗಿಗಳಿಗೆಂದೇ ಆಶ್ರಯಾಲಯವನ್ನು ತೆರೆದರು. ಹ್ಯಾನ್ಸನ್ ಅವರು ರೋಗಾಣುವನ್ನು ಗುರುತಿಸಿದ್ದು 1873ರಲ್ಲಿ. ಗುಣಪಡಿಸುವ ಮದ್ದು ಮಾತ್ರ ಆಗ ಯಾರ ಬಳಿಯೂ ಇರಲಿಲ್ಲ. ಬೆರಳು ಸವೆದ ಮೇಲೆ ಈ ರೋಗವನ್ನು ಗುರುತಿಸುವುದು ಯಾರಿಗೂ ಕಷ್ಟವಲ್ಲ. ಮದ್ದು ದೊರೆಯುವ ಇಂದು, ಸವೆಯುವ ಮೊದಲೇ ಗುರುತಿಸುವುದು ನಮ್ಮ ಹೊಣೆ.

ಮನೆಮನೆ ಸಮೀಕ್ಷೆಯಲ್ಲಿ ಸಾಮಾನ್ಯವಾಗಿ ಹುಡುಕುವುದು ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆಯನ್ನು. ಅದು ಸರಿಯಾದ ಲಕ್ಷಣವೇ. ಆದರೆ ಒಂದೇ ಲಕ್ಷಣವಲ್ಲ. ರೋಗಾಣುಗಳು ಅತಿ ಹೆಚ್ಚಾಗಿರುವ ಬಗೆಯಲ್ಲಿ ಚರ್ಮವು ಮಚ್ಚೆಯಿಲ್ಲದೆಯೇ ದಪ್ಪವಾಗಿ, ಎಣ್ಣೆ ಸವರಿದಂತೆ ಹೊಳೆಯುತ್ತದೆ. ಕಿವಿಯ ಹಾಲೆ ಊದುತ್ತದೆ, ಹುಬ್ಬಿನ ಅಂಚು ಉದುರುತ್ತದೆ. ಆರಂಭದಲ್ಲಿ ಸ್ಪರ್ಶವೂ ಉಳಿದಿರಬಹುದು. ನೋಡಿದವರು ಮೈ ತುಂಬಿಕೊಂಡಿದೆ ಎಂದು ಸಂತೋಷಪಡುವುದೂ ಉಂಟು!

1963ರಲ್ಲಿ ವೇಡ್ ಅವರು ವಿವರಿಸಿದ ಹಿಸ್ಟಾಯ್ಡ್ ಬಗೆ ಇನ್ನೂ ಮೋಸಗೊಳಿಸುವಂಥದು. ಸಹಜವೆಂಬಂತೆ ತೋರುವ ಚರ್ಮದ ಮೇಲೆ ಗಟ್ಟಿಯಾದ, ಹೊಳಪಿನ ಗಂಟುಗಳು ಏಳುತ್ತವೆ. ಕೊಬ್ಬಿನ ಗಂಟೆಂದು ಬಿಟ್ಟುಬಿಡುವುದು ಸುಲಭ. ಮತ್ತೊಂದೆಡೆ ಜ್ವರ, ಕೀಲುನೋವಿನೊಡನೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಪದೇ ಪದೇ ಏಳಬಹುದು. ಇದು ಕುಷ್ಠದ ಪ್ರತಿಕ್ರಿಯೆ. ಕುಷ್ಠದಲ್ಲಿ ನೋವಿರದು ಎಂಬ ನಂಬಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಚರ್ಮದಲ್ಲಿ ಏನೂ ಕಾಣದೆ ನರ ಮಾತ್ರ ದಪ್ಪವಾಗಿ ಕೈ ಜೋಮು ಹಿಡಿಯುವುದೂ ಉಂಟು.

ಇಂತಹವರನ್ನು ಅಂಗಡಿಯ ತದ್ದಿನ ಮುಲಾಮಿಗೆ ಬಿಡಬಾರದು. ಕಿವಿಯ ಹಾಲೆ ಅಥವಾ ಗಂಟಿನಿಂದ ಸಣ್ಣ ಗೀರಿನ ಮೂಲಕ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹಿಸ್ಟಾಯ್ಡ್ ಬಗೆಯಲ್ಲಿ ರೋಗಾಣುಗಳು ಹೇರಳವಾಗಿ ಕಾಣುತ್ತವೆ. ನರಗಳಿಗಷ್ಟೇ ಸೀಮಿತವಾದ ಬಗೆಯಲ್ಲಿ ಈ ಪರೀಕ್ಷೆ ನೆರವಾಗದು. ಅಲ್ಲಿ ಮೊಣಕೈಯ ಹಿಂಬದಿಯ ನರವನ್ನು ವೈದ್ಯರು ಮುಟ್ಟಿ ನೋಡಬೇಕು.

ರೋಗಾಣು ಹೆಚ್ಚಿರುವವರಿಗೆ ಬಹುಔಷಧ ಚಿಕಿತ್ಸೆ 12 ತಿಂಗಳು, ಉಚಿತ. ನಡುವೆ ಪ್ರತಿಕ್ರಿಯೆ ಕಾಣಿಸಿದರೆ ಮದ್ದು ಒಗ್ಗಲಿಲ್ಲವೆಂದು ನಿಲ್ಲಿಸಬಾರದು. ಅಂದೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ತಡವಾದರೆ ನರಕ್ಕಾದ ಹಾನಿ ಮರಳಿ ಸರಿಯಾಗದೇ ಹೋಗಬಹುದು.

ಸಮೀಕ್ಷೆಯ ನಮೂನೆಯಲ್ಲಿ ‘ಮಚ್ಚೆ ಇಲ್ಲ’ ಎಂದು ಬರೆಯುವ ಮುನ್ನ ಕಿವಿ, ಹುಬ್ಬು, ಕೈಗಳನ್ನು ಹಗಲು ಬೆಳಕಿನಲ್ಲಿ ನೋಡಿರಿ. ಸಂಶಯ ಬಂದವರ ಹೆಸರು ವೈದ್ಯಾಧಿಕಾರಿಗೆ ಮಾತ್ರ ತಲುಪಲಿ; ವಾರ್ಡ್ ಸಭೆಯಲ್ಲಿ ಓದುವ ಪಟ್ಟಿಗೆ ಅದು ಸೇರತಕ್ಕದ್ದಲ್ಲ.