ಏಳಲೊಲ್ಲದ ಮೋಟಾರು

ಮೋಟಾರು ಕಾರಿನ ವಿಷಯವಾಗಿ ಮಾತನಾಡಲು ನಾನು ಯಂತ್ರಶಾಸ್ತ್ರಜ್ಞನೇನೂ ಅಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟು ನಿವೃತ್ತನಾದವನು. ಆದರೆ ಕಾರಿನ ಒಡೆಯನಾಗಿ, ಅದು ಏಳದೆ ಮಲಗಿದ ಬೆಳಗುಗಳಲ್ಲಿ ಅದರ ಮುಂದೆ ಕೈಕಟ್ಟಿ ನಿಂತು ನಾನು ಕಲಿತ ಪಾಠಗಳು ಕೆಲವಿವೆ. ಅವುಗಳಲ್ಲಿ ಒಂದಕ್ಕೆ ನಾನು ತೆತ್ತ ಬೆಲೆ ಹಣದ್ದಲ್ಲ. ಆದ್ದರಿಂದಲೇ ಈ ಮಾತು.

ನಮ್ಮ ಚಿತ್ರದುರ್ಗ ಬೆಟ್ಟದ ಬುಡದ ಊರು. ಕೋಟೆಯ ಕಡೆಯ ಬೀದಿಗಳಿಗೆ ಸಹಜವಾದ ಇಳಿಜಾರಿದೆ. ನನ್ನ ಬಳಿ ಹಳೆಯ ಅಂಬಾಸಡರ್ ಇದ್ದ ಕಾಲದಲ್ಲಿ ರಾತ್ರಿ ಅದನ್ನು ಇಳಿಜಾರಿನ ಕಡೆಗೆ ಮುಖಮಾಡಿ ನಿಲ್ಲಿಸುವುದು ನನ್ನ ನಿತ್ಯಕರ್ಮಗಳಲ್ಲಿ ಒಂದಾಗಿತ್ತು. ಬೆಳಗ್ಗೆ ಬ್ಯಾಟರಿ ಮುನಿಸಿಕೊಂಡರೆ ಬ್ರೇಕು ಸಡಿಲಿಸಿ, ಎರಡನೆಯ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟರೆ ಸಾಕು, ಗಾಡಿ ಎದ್ದು ಓಡುತ್ತಿತ್ತು. ಅದೂ ಆಗದಿದ್ದರೆ ಡಿಕ್ಕಿಯಲ್ಲಿ ಹ್ಯಾಂಡಲು ಇದ್ದೇ ಇತ್ತು. 1912ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತನ ವಿದ್ಯುತ್ ಸ್ಟಾರ್ಟರು ಕ್ಯಾಡಿಲ್ಯಾಕ್ ಕಾರಿಗೆ ಬರುವ ತನಕ ಜಗತ್ತಿನ ಬಹುಪಾಲು ಮೋಟಾರುಗಳನ್ನು ಹೀಗೆ ತೋಳ್ಬಲದಿಂದಲೇ ಎಬ್ಬಿಸುತ್ತಿದ್ದರು. ಹ್ಯಾಂಡಲು ಹಿಮ್ಮುಖವಾಗಿ ಒದ್ದು ಮುಂಗೈ ಮುರಿದುಕೊಂಡವರಿಗೂ ಲೆಕ್ಕವಿಲ್ಲ.

ಇಂದಿನ ಕಾರುಗಳಿಗೆ ಹ್ಯಾಂಡಲೂ ಇಲ್ಲ, ಇಳಿಜಾರಿನ ಉಪಕಾರವೂ ಅಷ್ಟಕ್ಕಷ್ಟೆ. ಪೆಟ್ರೋಲನ್ನು ಚಿಮ್ಮಿಸುವ ಪಂಪಿಗೂ ಕಿಡಿ ಹಾರಿಸುವ ಪುಟ್ಟ ಗಣಕಕ್ಕೂ ವಿದ್ಯುತ್ತು ಬೇಕು. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಊರಿನ ಜನವೆಲ್ಲ ಸೇರಿ ತಳ್ಳಿದರೂ ಅದು ಉಸಿರೆತ್ತದು. ಸ್ವಯಂಚಾಲಿತ ಗೇರಿನ ಗಾಡಿಯನ್ನಂತೂ ತಳ್ಳಿ ಎಬ್ಬಿಸುವ ಮಾತೇ ಇಲ್ಲ.

ಈ ಸತ್ಯ ನನಗೆ ಗೊತ್ತಾದದ್ದು 2019ರ ಆಗಸ್ಟಿನ ಒಂದು ರಾತ್ರಿ. ಹೊಸದುರ್ಗದ ಕಡೆ ನಮ್ಮದೊಂದು ಸಣ್ಣ ತೆಂಗಿನ ತೋಟವಿದೆ. ಕಾಯಿ ಇಳಿಸುವ ಕೆಲಸವಿದ್ದುದರಿಂದ ನಾಲ್ಕು ದಿನ ಅಲ್ಲಿಯೇ ಉಳಿದಿದ್ದೆ. ಮನೆಗೆಂದು ಎರಡು ಚೀಲ ಕಾಯಿ ಮೊದಲ ದಿನವೇ ಡಿಕ್ಕಿ ಸೇರಿದ್ದವು. ನಾಲ್ಕನೆಯ ರಾತ್ರಿ ಒಂಬತ್ತರ ಸುಮಾರಿಗೆ, ತೋಟ ಕಾಯುವವನ ಎಂಟು ವರ್ಷದ ಮಗನಿಗೆ ಬದುವಿನ ಮೇಲೆ ಹಾವು ಕಚ್ಚಿತು. ಕೊಳಕುಮಂಡಲವೆಂದು ನೋಡಿದವರು ಹೇಳಿದರು. ಫೋನಿಗೆ ಸಂಪರ್ಕ ಸಿಗಲಿಲ್ಲ. ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕೀಲಿ ತಿರುಗಿಸಿದೆ. "ಟಕ್" ಎಂಬ ಒಂದು ಸದ್ದು, ಅಷ್ಟೆ. ಮತ್ತೆ ತಿರುಗಿಸಿದರೆ ಅದೂ ಇಲ್ಲ. ನಾಲ್ಕು ಜನ ತಳ್ಳಿದರು, ಗಾಡಿ ಮಿಸುಕಲಿಲ್ಲ. ಕೊನೆಗೆ ಪಕ್ಕದ ತೋಟದಿಂದ ಟ್ರ್ಯಾಕ್ಟರು ಬಂದು, ಅದರ ಬ್ಯಾಟರಿಯಿಂದ ತಂತಿ ಕೊಟ್ಟು ಎಂಜಿನು ಎದ್ದಾಗ ನಲವತ್ತು ನಿಮಿಷ ಕಳೆದಿತ್ತು. ಮಗು ಬದುಕಿತು. ಹೊಸದುರ್ಗದ ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಸಕಾಲಕ್ಕೆ ದೊರೆಯಿತು. ಆದರೆ ಆ ನಲವತ್ತು ನಿಮಿಷ ಆ ತಾಯಿ ನನ್ನ ಕಾರನ್ನು ನೋಡುತ್ತಿದ್ದ ರೀತಿಯನ್ನು ನಾನು ಮರೆತಿಲ್ಲ.

ಆ ಬ್ಯಾಟರಿ ಹೊಸದು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಹದಿನೆಂಟು ತಿಂಗಳಲ್ಲಿ ಅದು ಎರಡನೆಯದು. ಹಿಂದಿನದು ಸತ್ತಾಗ ಅಂಗಡಿಯವನು, "ಹಿರಿಯೂರಿನ ಬಿಸಿಲು ಸಾರ್, ಏನೂ ಮಾಡುವಂತಿಲ್ಲ" ಎಂದು ತತ್ತ್ವಜ್ಞಾನಿಯಂತೆ ನುಡಿದಿದ್ದ. ಮಗಳ ಮನೆ ಹಿರಿಯೂರಿನಲ್ಲಿ, ಆಗಾಗ್ಗೆ ಹೋಗುವವನು, ನಂಬಿದೆ. ಆತನ ಮಾತು ಪೂರ್ತಿ ಸುಳ್ಳೂ ಅಲ್ಲ. ವಾಣಿವಿಲಾಸಸಾಗರ ತುಂಬಿ ಕೋಡಿ ಬಿದ್ದ ವರ್ಷದಲ್ಲಿಯೂ ಆ ಬಯಲಿನ ಬೇಸಗೆ ಬೇಸಗೆಯೇ. ಬಿಸಿಲಿಗೆ ನಿಂತ ಕಾರಿನ ಬಾನೆಟ್ಟಿನ ಒಳಗಿನ ಸೆಕೆಯನ್ನು ಕೈಯಿಟ್ಟವನೇ ಬಲ್ಲ. ಶಾಖ ಹೆಚ್ಚಿದಷ್ಟೂ ಸೀಸದ ಫಲಕಗಳು ಬೇಗ ಸವೆಯುತ್ತವೆ, ನೀರು ಆರುತ್ತದೆ. ಚಳಿಯ ದೇಶಗಳಲ್ಲಿ ಬ್ಯಾಟರಿ ಸೋಲುವುದು ಚಳಿಗಾಲದ ಬೆಳಗ್ಗೆ. ನಮ್ಮಲ್ಲಿ ಅದನ್ನು ತಿನ್ನುವುದು ಬೇಸಗೆ. ಆದರೂ ಎಂಟು ತಿಂಗಳಿಗೆ ಒಂದು ಬ್ಯಾಟರಿಯನ್ನು ಯಾವ ಬಿಸಿಲೂ ನುಂಗುವುದಿಲ್ಲ. ಇಷ್ಟನ್ನು ಯೋಚಿಸುವ ವ್ಯವಧಾನ ನನಗಿರಲಿಲ್ಲ. ಮತ್ತೊಂದನ್ನು ಹಾಕಿಸಿಕೊಂಡು ಬಂದಿದ್ದೆ.

ಹಾವಿನ ರಾತ್ರಿಯ ನಂತರ ಒಂದು ಮಲ್ಟಿಮೀಟರನ್ನು ಕೊಂಡೆ. ಕೆಲವು ನೂರು ರೂಪಾಯಿಗಳ ಉಪಕರಣ. ಅದರಿಂದ ಮೊದಲು ತಿಳಿಯಬೇಕಾದದ್ದು ವೋಲ್ಟೇಜು. ರಾತ್ರಿಯೆಲ್ಲ ಸುಮ್ಮನೆ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟು ತೋರಿಸಿದರೆ ಹೊಟ್ಟೆ ತುಂಬಿದೆ ಎಂದರ್ಥ. 12.2ಕ್ಕೆ ಇಳಿದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಾದರೆ ಉಪವಾಸ. ಎಂಜಿನು ಓಡುವಾಗ 13.8ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ತಪ್ಪು ಬ್ಯಾಟರಿಯದಲ್ಲ; ಅದಕ್ಕೆ ಉಣಿಸುವ ಆಲ್ಟರ್ನೇಟರಿನದು, ಇಲ್ಲವೆ ಅದರ ಬೆಲ್ಟಿನದು. ನನ್ನದು ಏರುತ್ತಿತ್ತು. ಅಂದರೆ ಉಣ್ಣುವುದಕ್ಕೆ ಕೊರತೆಯಿರಲಿಲ್ಲ, ಎಲ್ಲಿಯೋ ಸೋರುತ್ತಿತ್ತು.

ಸೋರಿಕೆಯನ್ನು ಹುಡುಕುವ ವಿಧಾನ ಹೀಗೆ. ಗಾಡಿಯನ್ನು ಆರಿಸಿ, ಬಾಗಿಲುಗಳನ್ನು ಮುಚ್ಚಿ, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ, ಆ ತಂತಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಹತ್ತು ಆಂಪಿಯರಿನ ಮಾಪನಕ್ಕೆ ಹೊಂದಿಸಿ ಸೇರಿಸಬೇಕು. ಆಗ ಅಪ್ಪಿತಪ್ಪಿಯೂ ಕೀಲಿ ತಿರುಗಿಸಬಾರದು. ಸ್ಟಾರ್ಟರು ಎಳೆಯುವ ನೂರಾರು ಆಂಪಿಯರಿಗೆ ಮೀಟರು ಸುಟ್ಟೀತು. ಅರ್ಧ ಗಂಟೆ ಕಾಯಬೇಕು, ಏಕೆಂದರೆ ಕಾರಿನೊಳಗಿನ ಗಣಕಗಳು ನಿದ್ರೆಗೆ ಜಾರಲು ಅಷ್ಟು ಹೊತ್ತು ಬೇಕಾದೀತು. ಬಳಿಕ 0.05 ಆಂಪಿಯರಿನೊಳಗೆ ಇದ್ದರೆ ಸರಿ. ನನಗೆ ಕಂಡದ್ದು 0.03. ಯಾವ ದೋಷವೂ ಇಲ್ಲ! ಮೂರು ದಿನ ಹಾಗೆಯೇ ಬಂತು. ನಮ್ಮ ಮೆಕ್ಯಾನಿಕ್ಕು ಈ ಹಿಂದೆ ಎರಡು ಬಾರಿ ನೋಡಿ, "ಎಲ್ಲಾ ಸರಿ ಇದೆ" ಎಂದು ಹೇಳಿದ್ದೇಕೆಂದು ಆಗ ಅರ್ಥವಾಯಿತು.

ಮುಂದಿನ ವಾರ ತೋಟದಿಂದ ಕಾಯಿ ಚೀಲಗಳನ್ನು ಹೇರಿಕೊಂಡು ಬಂದ ದಿನ, ಇಳಿಸುವ ಮುಂಚೆ ಏನೋ ತೋಚಿ ಮತ್ತೆ ಅಳೆದೆ. 0.45! ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಹೋದೆ. ಒಳದೀಪಗಳ ಫ್ಯೂಸು ತೆಗೆದೊಡನೆ ಮುಳ್ಳು ಬಿದ್ದಂತೆ 0.03ಕ್ಕೆ ಇಳಿಯಿತು. ಆದರೆ ಒಳಗೆ ಯಾವ ದೀಪವೂ ಉರಿಯುತ್ತಿರಲಿಲ್ಲ. ಉಳಿದದ್ದು ಡಿಕ್ಕಿಯ ದೀಪ. ಮುಚ್ಚಿದ ಡಿಕ್ಕಿಯೊಳಗೆ ದೀಪ ಉರಿಯುತ್ತಿದೆಯೆ ಎಂದು ನೋಡುವುದು ಹೇಗೆ? ಮೊಮ್ಮಗ ಉಪಾಯ ಹೇಳಿದ. ಮೊಬೈಲನ್ನು ಚಿತ್ರ ತೆಗೆಯಲು ಹಚ್ಚಿ ಒಳಗಿಟ್ಟು ಮುಚ್ಚಿದೆವು. ತೆರೆದು ನೋಡಿದರೆ, ಕಾಯಿ ಚೀಲಗಳ ಮೇಲೆ ಆ ದೀಪ ಮದುವೆ ಮನೆಯ ಬೆಳಕಿನಂತೆ ಬೆಳಗುತ್ತಿತ್ತು. ಚೀಲಗಳು ಮುಚ್ಚಳವನ್ನು ಮೇಲಕ್ಕೆ ಒತ್ತಿದಾಗ ಸವೆದ ಗುಂಡಿ ಪೂರ್ತಿ ಅದುಮದೆ ಉಳಿಯುತ್ತಿತ್ತು. ಚೀಲವಿಲ್ಲದ ದಿನ ಅದುಮುತ್ತಿತ್ತು.

ಐದು ವ್ಯಾಟಿನ ಪುಟ್ಟ ಬಲ್ಬು. ಲೆಕ್ಕ ಮಾಡಿ ನೋಡಿ. ಗಂಟೆಗೆ 0.42ರಂತೆ ದಿನಕ್ಕೆ ಹತ್ತು ಆಂಪಿಯರ್-ಗಂಟೆ. ನನ್ನ ಬ್ಯಾಟರಿಯ ಹೊಟ್ಟೆ 35. ಮೂರೂವರೆ ದಿನದಲ್ಲಿ ಬರಿದು. ನಾನು ತೋಟದಲ್ಲಿ ಉಳಿದದ್ದು ನಾಲ್ಕು ದಿನ. ಅಲ್ಲದೆ ಕಾರಿನ ಬ್ಯಾಟರಿ ಹೀಗೆ ತಳ ಕಾಣುವಂತೆ ಬರಿದಾಗುವುದನ್ನು ಸಹಿಸದು. ಹಲವು ಸಲ ಹಾಗಾದರೆ ಫಲಕಗಳ ಮೇಲೆ ಗಂಧಕದ ಲವಣ ಗಟ್ಟಿಯಾಗಿ ಕೂತು, ಹೊಸದೂ ಮುದುಕಾಗುತ್ತದೆ. ಹೊಳಲ್ಕೆರೆಗೆ ಹೋಗಿ ಬಂದರೆ ತುಂಬಿಕೊಳ್ಳುತ್ತದೆ ಎಂದು ತಿಳಿಯುವುದೂ ತಪ್ಪು. ಎಂಜಿನು ಎಬ್ಬಿಸಲು ಖರ್ಚಾಗುವುದು ಅತ್ಯಲ್ಪ, ಅದು ಕೆಲವೇ ನಿಮಿಷಗಳಲ್ಲಿ ಮರಳುತ್ತದೆ. ಬರಿದಾದ ಬ್ಯಾಟರಿಗೆ ಮಾತ್ರ ಚಾರ್ಜರಿನ ಮೇಲೆ ಒಂದು ಇಡೀ ರಾತ್ರಿ ಬೇಕು.

ಎಲ್ಲ ತೊಂದರೆಯೂ ಬ್ಯಾಟರಿಯದೇ ಎಂದಲ್ಲ. ಎಂಜಿನು ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲನ್ನೋ ಕಿಡಿಯನ್ನೋ ವಿಚಾರಿಸಬೇಕು. ಹೆಡ್‌ಲೈಟು ಹಾಕಿ ಕೀಲಿ ತಿರುಗಿಸಿದಾಗ ಬೆಳಕು ಕುಗ್ಗಿಹೋದರೆ ಬ್ಯಾಟರಿ ಅಥವಾ ಅದರ ತುದಿಗಳು. ಬೆಳಕು ಕುಗ್ಗದೆ ಸದ್ದೂ ಬಾರದಿದ್ದರೆ ಸ್ಟಾರ್ಟರಿನ ಕಡೆ ನೋಡಬೇಕು. ತುದಿಗಳಲ್ಲಿ ಬೂದಿಯಂತೆ ಬೆಳೆದ ಪುಡಿಯನ್ನು ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು ವ್ಯಾಸಲೀನು ಸವರಿದರೆ ಎಷ್ಟೋ ಗಾಡಿಗಳು ಏಳುತ್ತವೆ. ನೀರು ಹಾಕುವ ಬಗೆಯ ಬ್ಯಾಟರಿಗೆ ಶುದ್ಧ ಬಟ್ಟಿಯಿಳಿಸಿದ ನೀರೇ ಆಗಬೇಕು. ನಮ್ಮ ಜಿಲ್ಲೆಯ ಕೊಳವೆಬಾವಿಯ ನೀರು ಹಲ್ಲಿಗೇ ಒಳ್ಳೆಯದಲ್ಲ, ಬ್ಯಾಟರಿಗೆ ಒಳ್ಳೆಯದಾದೀತೆ?

ತಂತಿ ಕೊಡುವ ಕ್ರಮವನ್ನು ಆ ರಾತ್ರಿ ಟ್ರ್ಯಾಕ್ಟರಿನವನಿಂದ ಕಲಿತೆ. ನನಗಿಂತ ಆತನಿಗೇ ಚೆನ್ನಾಗಿ ಗೊತ್ತಿತ್ತು. ಎರಡೂ 12 ವೋಲ್ಟಿನವಾಗಿರಬೇಕು. ಕೆಂಪು ತಂತಿ ಮೊದಲು ಸತ್ತ ಬ್ಯಾಟರಿಯ ಧನಕ್ಕೆ, ಆಮೇಲೆ ಜೀವಂತ ಬ್ಯಾಟರಿಯ ಧನಕ್ಕೆ. ಕಪ್ಪು ತಂತಿ ಜೀವಂತದ ಋಣಕ್ಕೆ. ಅದರ ಇನ್ನೊಂದು ತುದಿ ಸತ್ತ ಗಾಡಿಯ ಬ್ಯಾಟರಿಗಲ್ಲ, ಅದರಿಂದ ದೂರದಲ್ಲಿ ಎಂಜಿನಿನ ಬರಿಯ ಲೋಹಕ್ಕೆ. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಕಿಡಿ ತಾಗಬಾರದಲ್ಲ. ಅಂದು ಸುತ್ತ ನಿಂತವರಲ್ಲಿ ಒಬ್ಬನು ಬೀಡಿ ಹಚ್ಚಿದ್ದ. ಟ್ರ್ಯಾಕ್ಟರಿನವನು ಅದನ್ನು ಕಸಿದು ಕಾಲುವೆಗೆ ಎಸೆದ.

ಗುಂಡಿಯನ್ನು ಬದಲಾಯಿಸಿದ್ದಾಯಿತು. ಸೋರಿಕೆಯಲ್ಲಿ ಅರೆಜೀವವಾಗಿದ್ದ ಆ ಬ್ಯಾಟರಿ ಮೂರು ವರ್ಷ ನಡೆಯಿತು. ಕೆಂಪು ಕಪ್ಪು ತಂತಿಗಳ ಒಂದು ಜೊತೆಯನ್ನು ಕೊಂಡು ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಇನ್ನೊಂದು ಜೊತೆ ತೋಟದ ಮನೆಯ ಗೂಟಕ್ಕೆ ತೂಗುಹಾಕಿದೆ. ಆ ಹುಡುಗ ಈಗ ಹೊಸದುರ್ಗದ ಹೈಸ್ಕೂಲಿಗೆ ಹೋಗುತ್ತಿದ್ದಾನೆ; ನಾನು ತೋಟಕ್ಕೆ ಹೋದಾಗಲೆಲ್ಲ ಕಾರು ನಿಲ್ಲಿಸುವ ಮುಂಚೆಯೇ ಡಿಕ್ಕಿಯ ಹಿಂದೆ ಬಂದು ನಿಲ್ಲುತ್ತಾನೆ, ಚೀಲ ಹೇರಿದ ಮೇಲೆ ಮುಚ್ಚಳವನ್ನು ಎರಡು ಬಾರಿ ಅದುಮಿ ನೋಡುತ್ತಾನೆ.